ವ್ಯಾನು ಬೇಡ ಕಣೋ ರಘು

ಪ್ರೀತಿಯ ರಘು,

ಬ್ಯಾಚಿನವರೆಲ್ಲ ದುಡ್ಡು ಸೇರಿಸಿ ಜಾಂಬಿಯಾದ ಯಾವುದಾದರೂ ಹಳ್ಳಿಗೆ ಆಂಬುಲೆನ್ಸ್ ವ್ಯಾನು ಕೊಡಿಸೋಣ, ಜಾಗ ನೀನೇ ಹುಡುಕು ಅಂತ ಬರೆದಿದ್ದೀಯ. ಓದಿ ನಿಮ್ಮ ಬಗ್ಗೆ ಹೆಮ್ಮೆ ಅನಿಸಿತು. ಆದರೂ ವ್ಯಾನು ಬೇಡ ಅನ್ನುತ್ತೇನೆ. ಯಾಕೆ ಅಂತ ಉಳಿದವರಿಗೂ ತಿಳಿಯಲಿ, ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ. (ನಾಣಿ ಓದಿದರೆ "ಮೊದಲು ಹಳೇ ಬಾಕಿ" ಅನ್ನುತ್ತಾನೆ. ಅನ್ನಲಿ ಬಿಡು.)

ನಾನಿರುವ ರಾಜಧಾನಿ ಲುಸಾಕಾದಿಂದ ಗ್ರೇಟ್ ನಾರ್ತ್ ರೋಡ್ ಹಿಡಿದರೆ ಸುಮಾರು 400 ಕಿ.ಮೀ. ಆಚೆ ಸೆರೆಂಜೆ ಅನ್ನುವ ಜಿಲ್ಲೆ ಸಿಗುತ್ತದೆ. ಹೆದ್ದಾರಿಯೇನೋ ಡಾಂಬರಿನದು. ಪಕ್ಕಕ್ಕೆ ಇಳಿದರೆ ಮಣ್ಣು, ಕಾಲುದಾರಿ, ಹಳ್ಳ. ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆ, ಮಲೇರಿಯಾ ಏರುವುದೂ ಆ ಮಳೆಯ ಬೆನ್ನಿಗೇ. ಮಗುವನ್ನು ಎತ್ತಿಕೊಂಡು ಓಡಬೇಕಾದ ತಿಂಗಳುಗಳಲ್ಲೇ ದಾರಿ ಕೈಕೊಡುತ್ತದೆ. ನಾವು ಕೊಡಿಸಿದ ವ್ಯಾನು ಡಾಂಬರಿನ ಅಂಚಿನಲ್ಲೇ ನಿಂತುಬಿಡುತ್ತದೆ.

ಅಲ್ಲಿ ಕೆಲಸಕ್ಕೆ ಬರುವುದು ಸೈಕಲ್ ಆಂಬುಲೆನ್ಸ್. ಸೈಕಲ್ಲಿಗೆ ಜೋಡಿಸಿದ ಗಾಲಿಯ ಸ್ಟ್ರೆಚರ್, ಅಷ್ಟೇ. ಅದು ಊರಿನಲ್ಲೇ ಇರುತ್ತದೆ, ಊರಿನವರೇ ನೋಡಿಕೊಳ್ಳುತ್ತಾರೆ. 2017-18ರಲ್ಲಿ ಸಾರಿಗೆಯ ಕೆಲಸ ಮಾಡುವ ಬ್ರಿಟನ್ನಿನ ಟ್ರಾನ್ಸ್‌ಏಡ್ ಸಂಸ್ಥೆ, ಮಲೇರಿಯಾ ಔಷಧಿಗಳ ಸಂಸ್ಥೆ ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್ ಮತ್ತು ಇಲ್ಲಿಯ ಪಾಲುದಾರರು ಸೇರಿ ಸೆರೆಂಜೆಯಲ್ಲಿ ಒಂದು ಪ್ರಯೋಗ ಮಾಡಿದರು. ಸೆಳವು ಬಂದ, ಏನೂ ಕುಡಿಯಲಾಗದ, ಪ್ರಜ್ಞೆ ತಪ್ಪುತ್ತಿರುವ ಮಗುವನ್ನು ಗುರುತಿಸಲು ಊರಿನ ಸ್ವಯಂಸೇವಕರಿಗೆ ಕಲಿಸಿದರು. ಅಂಥ ಮಗುವಿಗೆ ಗುದದ್ವಾರದಲ್ಲಿ ಇಡುವ ಆರ್ಟೆಸುನೇಟ್ ಅನ್ನುವ ಮಲೇರಿಯಾ ಔಷಧಿಯ ಗುಳಿಗೆ ಕೊಟ್ಟು, ಕೂಡಲೇ ಸೈಕಲ್ಲಿನಲ್ಲಿ ಮಲಗಿಸಿ ಆರೋಗ್ಯ ಕೇಂದ್ರಕ್ಕೆ ಹೊರಡಬೇಕು. ತೀವ್ರ ಮಲೇರಿಯಾ ಬಂದ ಮಕ್ಕಳಲ್ಲಿ ಸಾಯುವವರ ಪ್ರಮಾಣ ಶೇ. 8ರಿಂದ ಶೇ. 0.25ಕ್ಕೆ ಇಳಿಯಿತು. ಅಂದರೆ ಶೇ. 96ಕ್ಕೂ ಹೆಚ್ಚು ಇಳಿಕೆ ಕಣೋ!

ಈ ಗುಳಿಗೆಗೆ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಕಂಪನಿಗಳು ಎರಡು: ಸಿಪ್ಲಾ, ಮತ್ತು ನಿಮ್ಮ ಬೆಂಗಳೂರಿನ ಸ್ಟ್ರೈಡ್ಸ್. ಇದನ್ನು ನಾನು ಇಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತೇನೆ.

ಇನ್ನೊಂದು ಕಡೆ ಕೇಳು. ಕಾಂಗೋ, ನೈಜೀರಿಯಾ, ಉಗಾಂಡಾಗಳಲ್ಲಿ ಇದೇ ಗುಳಿಗೆಯನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟರು. ಸಾವು ಎಣಿಸಿದಂತೆ ಇಳಿಯಲಿಲ್ಲ. ಗುಳಿಗೆ ಪಡೆದ ಅನೇಕ ಮಕ್ಕಳು ಆಸ್ಪತ್ರೆ ಮುಟ್ಟಲೇ ಇಲ್ಲ, ಮುಟ್ಟಿದವರಲ್ಲೂ ಎಷ್ಟೋ ಜನಕ್ಕೆ ಪೂರ್ತಿ ಚಿಕಿತ್ಸೆ ಸಿಗಲಿಲ್ಲ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗುಳಿಗೆಯ ವಿಸ್ತರಣೆಯನ್ನೇ ತಡೆಹಿಡಿಯಿತು, ಮರುವರ್ಷ ಹೊಸ ಮಾರ್ಗಸೂಚಿಯೊಡನೆ ತಡೆ ತೆಗೆಯಿತು. ಗುಳಿಗೆ ಕೊಡುವುದು ಕೆಲವು ಗಂಟೆಗಳ ಕಾಲಾವಕಾಶ ಮಾತ್ರ. ಆ ಗಂಟೆಗಳೊಳಗೆ ಯಾರಾದರೂ ಪೆಡಲ್ ತುಳಿದು ಮಗುವನ್ನು ಮುಟ್ಟಿಸಬೇಕು.

ನನ್ನನ್ನು ಕಾಡುತ್ತಿರುವುದು ಆ ತುಳಿಯುವವನು. ಅವನಿಗೆ ಸಂಬಳವಿಲ್ಲ. ಹೊಲ ಬಿಟ್ಟು ಎದ್ದು ಬರುತ್ತಾನೆ. ವಾಹನಕ್ಕೆ ದಾನ ಕೊಡುವವರು ಸಿಗುತ್ತಾರೆ, ಅವನ ಕಾಲಿಗೆ ಕೊಡುವವರು ಕಡಿಮೆ. ಉತ್ತರ ನೈಜೀರಿಯಾದಲ್ಲಿ ಟ್ರಾನ್ಸ್‌ಏಡ್ ಮತ್ತು ಅಲ್ಲಿನ ಚಾಲಕರ ಸಂಘ ಇದಕ್ಕೊಂದು ದಾರಿ ಕಂಡುಕೊಂಡವು. ಹೆರಿಗೆ ನೋವಿನ ಹೆಂಗಸನ್ನು ಆಸ್ಪತ್ರೆಗೆ ಮುಟ್ಟಿಸಿದ ಟ್ಯಾಕ್ಸಿಯವನಿಗೆ ನಿಲ್ದಾಣದಲ್ಲಿ ಸರದಿ ತಪ್ಪಿಸಿ ಮೊದಲು ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಅವಕಾಶ. ನಮ್ಮ ತೀರ್ಥಹಳ್ಳಿ ಸ್ಟ್ಯಾಂಡಿನಲ್ಲಿ ಪಾಳಿಗಾಗಿ ಆಗುತ್ತಿದ್ದ ಜಗಳ ಕಂಡ ನಿನಗೆ ಆ ಮರ್ಯಾದೆಯ ಬೆಲೆ ಗೊತ್ತಲ್ಲ. ನನಗೆ ಬಹಳ ಹಿಡಿಸಿದ ವ್ಯವಸ್ಥೆ ಇದು.

ಬರೆಯಬೇಕು ಅಂದುಕೊಂಡಿರಲಿಲ್ಲ, ಬರೆದುಬಿಡುತ್ತೇನೆ. ಅಮ್ಮ ಈಗ ಊರಲ್ಲಿ ಒಬ್ಬಳೇ. ಮಳೆಗಾಲದಲ್ಲಿ ಹಳ್ಳ ಬಂದರೆ ನಮ್ಮ ಮನೆಯ ತನಕ ಜೀಪೂ ಬರುವುದಿಲ್ಲ. ನೆಟ್‌ವರ್ಕ್ ಇದ್ದರೆ 108ಕ್ಕೆ ಫೋನು ಹೋದೀತು. ಗಾಡಿ ಬಂದರೂ ಅದು ಸಂಕದಾಚೆ ನಿಲ್ಲಬೇಕು. ಅಲ್ಲಿಯವರೆಗೆ ಅವಳನ್ನು ಯಾರೋ ಹೊರಬೇಕು. ಯಾರು? ಪಕ್ಕದ ಮನೆಯ ಹುಡುಗರು ಬೆಂಗಳೂರು ಸೇರಿದರು, ಉಳಿದವರಿಗೆ ಅರವತ್ತು ದಾಟಿದೆ. ಇಲ್ಲಿ ರಾತ್ರಿ ಹನ್ನೆರಡಾದಾಗ ಅಲ್ಲಿ ಮೂರೂವರೆ. ಆ ಹೊತ್ತಿಗೆ ಫೋನು ಸದ್ದು ಮಾಡಿದರೆ ತೆಗೆಯುವ ಮೊದಲೇ ನನ್ನ ಕೈ ನಡುಗುತ್ತದೆ. ಸೈಕಲ್ ಯಾರ ಮನೆಯಲ್ಲಿದೆ, ಯಾರು ತುಳಿಯುತ್ತಾರೆ ಅಂತ ಸೆರೆಂಜೆಯ ಆ ಹಳ್ಳಿಗಳಲ್ಲಿ ಮೊದಲೇ ಮಾತಾಗಿರುತ್ತದೆ. ನಮ್ಮ ಊರಲ್ಲಿ ಅಂಥ ಮಾತು ಯಾರೂ ಆಡಿಲ್ಲ. ನಾನು ಇಷ್ಟು ದೂರ ಬಂದು ಕೂತಿದ್ದೇನೆ.

ಸಾಕು. ಇದಕ್ಕೆ ಉತ್ತರ ಬರೆಯಬೇಡ, ಫೋನ್ ಮಾಡು.

ದುಡ್ಡಿನ ವಿಷಯ ಹೀಗೆ ಮಾಡೋಣ: ಟೈರು, ಟ್ಯೂಬು, ಚೈನು, ರಿಪೇರಿ ಮಾಡುವವನ ಕೂಲಿ, ತುಳಿಯುವವರಿಗೆ ಮಳೆಕೋಟು ಮತ್ತು ಬೂಟು, ವರ್ಷವರ್ಷವೂ. ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ ಅಂತ ಶ್ರೀಕಾಂತ ಗೊಣಗುತ್ತಾನೆ, ಅವನನ್ನು ನೀನು ಒಪ್ಪಿಸು.

ನವೆಂಬರಿಗೆ ಬಂದುಬಿಡು. ಸೆರೆಂಜೆಯಿಂದ ಮುಂದೆ ಕಸಂಕಾ ಕಾಡಿನಲ್ಲಿ ಆಗ ಲಕ್ಷಗಟ್ಟಲೆ ಹಣ್ಣುಬಾವಲಿಗಳು ಬಂದಿಳಿದಿರುತ್ತವೆ. ಸಂಜೆ ಅವು ಏಳುವುದನ್ನು ನಿನಗೂ ಮಗಳಿಗೂ ತೋರಿಸುತ್ತೇನೆ. ಹಪ್ಪಳ ತಾ. ಸ್ಟಿಯರಿಂಗ್ ಮಾತ್ರ ನಿನ್ನ ಕೈಗೆ ಕೊಡುವುದಿಲ್ಲ ಮಾರಾಯ, ಆಗುಂಬೆಯ ಏಳನೇ ತಿರುವಿನ ಮೇಲೆ ಆಣೆ.

ನಿನ್ನ,
ಲುಸಾಕಾದವನು