‘ಆರಾಮ’ ಎಂದುಬಿಟ್ಟೆ, ಅಪೆಂಡಿಕ್ಸ್ ಬಾತಿತ್ತು

ಸಂಪಾದಕರಿಗೆ,

ಆಸ್ಪತ್ರೆಗಳ ಸರತಿ ಸಾಲಿನ ಬಗ್ಗೆ ನಿಮ್ಮ ಓದುಗರು ಆಗಾಗ ಬರೆಯುತ್ತಿರುತ್ತಾರೆ. ನನ್ನ ದೂರು ಸಾಲಿನದ್ದಲ್ಲ. ಸಾಲಿನಲ್ಲಿ ನಿಲ್ಲುವುದು ನನಗೆ ಇಷ್ಟ. ಯಾರ ನಂತರ ಯಾರು ಎಂಬುದು ಅಲ್ಲಿ ನಿಶ್ಚಿತ. ತೊಂದರೆ ಶುರುವಾಗುವುದು ನನ್ನ ಪಾಳಿ ಬಂದ ಮೇಲೆ.

ನನಗೆ 43 ವರ್ಷ. ಧಾರವಾಡದ ಒಂದು ಮುದ್ರಣಾಲಯದಲ್ಲಿ 17 ವರ್ಷಗಳಿಂದ ಕರಡು ತಿದ್ದುತ್ತಿದ್ದೇನೆ. ಆಟಿಸಂ ಇದೆ ಎಂದು ಗೊತ್ತಾದದ್ದು 36ನೆಯ ವಯಸ್ಸಿನಲ್ಲಿ. (ಅದಕ್ಕೆ ಕನ್ನಡದಲ್ಲಿ ಬಳಸುವ ‘ಸ್ವಲೀನತೆ’ ಎಂಬ ಪದ ನನಗೆ ಹಿಡಿಸುವುದಿಲ್ಲ. ತನ್ನಲ್ಲೇ ಲೀನನಾದವನು ಎಂದರೆ ಯಾರೋ ಯೋಗಿ ಎನ್ನಿಸುತ್ತದೆ. ನಾನಾದರೋ ಪಕ್ಕದ ಮನೆಯ ಮಿಕ್ಸರ್ ಸದ್ದಿಗೇ ತತ್ತರಿಸುವವನು.)

ನಮ್ಮ ಕಡೆ ಎದುರಾದವರೆಲ್ಲ ‘ಆರಾಮ?’ ಎನ್ನುತ್ತಾರೆ. ಚಿಕ್ಕವನಿದ್ದಾಗ ನಾನು ಅದನ್ನು ನಿಜವಾದ ಪ್ರಶ್ನೆ ಎಂದೇ ತಿಳಿದು, ರಾತ್ರಿ ನಿದ್ದೆ ಬಾರದ್ದು, ಅಂಗಿಯ ಕಾಲರು ಕುತ್ತಿಗೆಗೆ ಉಜ್ಜುತ್ತಿರುವುದು, ಎಲ್ಲವನ್ನೂ ಒಪ್ಪಿಸುತ್ತಿದ್ದೆ. ಅವ್ವ ತಿದ್ದಿದಳು: ಯಾರೇ ಕೇಳಲಿ, ನಕ್ಕು ‘ಆರಾಮ’ ಎನ್ನಬೇಕು, ಅಷ್ಟೇ. ಕಲಿತೆ. ಎಷ್ಟು ಗಟ್ಟಿಯಾಗಿ ಕಲಿತೆನೆಂದರೆ, ಮೂರು ವರ್ಷಗಳ ಹಿಂದೆ ಹೊಟ್ಟೆ ಹಿಡಿದುಕೊಂಡು ದವಾಖಾನೆಗೆ ಹೋದಾಗ ವೈದ್ಯರು ‘ಆರಾಮ?’ ಎಂದರು, ನಾನು ನಕ್ಕು ‘ಆರಾಮ’ ಎಂದೆ.

ಆಮೇಲೆ, ನೋವು ಒಂದರಿಂದ ಹತ್ತರೊಳಗೆ ಎಷ್ಟು ಎಂದು ಕೇಳಿದರು. ಹತ್ತು ಎಂದರೆ ಯಾವುದು ಎಂದು ಹೇಳಲಿಲ್ಲ. ಮೈಗೆ ಬೆಂಕಿ ಹತ್ತಿದವನದು ಹತ್ತು ಇರಬೇಕು ಎಂದು ಲೆಕ್ಕ ಹಾಕಿ, ‘ಮೂರು’ ಎಂದೆ. ತಲೆಯ ಮೇಲೆ ಟ್ಯೂಬ್‌ಲೈಟ್ ಗುಂಯ್‌ಗುಡುತ್ತಿತ್ತು. ಹೊರಗೆ ಕಾಂಪೌಂಡರ್ ಹೆಸರು ಕೂಗುತ್ತಿದ್ದ. ಗೋಡೆಯ ಟಿವಿಯಲ್ಲಿ ಯಾರೋ ಅಳುತ್ತಿದ್ದರು. ಇಷ್ಟರ ನಡುವೆ ನನ್ನ ಹೊಟ್ಟೆ ಏನು ಹೇಳುತ್ತಿದೆ ಎಂಬುದು ನನಗೇ ಕೇಳಿಸುತ್ತಿರಲಿಲ್ಲ. ನನ್ನ ಮುಖದಲ್ಲಂತೂ ಏನೂ ಕಾಣುವುದಿಲ್ಲ. ಮದುವೆಯ ಫೋಟೋದಲ್ಲೂ ತಿಥಿಯ ಫೋಟೋದಲ್ಲೂ ಅದೇ ಮುಖ. ಗ್ಯಾಸ್ ಎಂದು ಮಾತ್ರೆ ಬರೆದುಕೊಟ್ಟರು.

ಮರುದಿನ ರಾತ್ರಿ ವಾಂತಿ, ಜ್ವರ. ಅಕ್ಕ ಆಟೋ ಹಿಡಿದು ಹುಬ್ಬಳ್ಳಿಯ ಇನ್ನೊಂದು ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿದ್ದವರು ಇನ್ನೂ ಮೀಸೆ ಸರಿಯಾಗಿ ಬಾರದ ಶಸ್ತ್ರವೈದ್ಯರು. ಅವರೂ ‘ಆರಾಮ?’ ಎಂದೇ ಆರಂಭಿಸಿದರು. ‘ಇವನನ್ನು ಹಾಗೆ ಕೇಳಬೇಡಿ, ಹೌದು ಎಂದುಬಿಡುತ್ತಾನೆ’ ಎಂದಳು ಅಕ್ಕ. ಅವರು ತುಸು ಯೋಚಿಸಿ ಕೇಳಿದ್ದು ಇದು: ‘ಮೊನ್ನೆ ಮಾಡುತ್ತಿದ್ದ ಕೆಲಸಗಳಲ್ಲಿ ಇವತ್ತು ಯಾವುದನ್ನು ಮಾಡಲು ಆಗಲಿಲ್ಲ?’ ಕೈಗೆ ಕಾಗದ, ಪೆನ್ನು ಕೊಟ್ಟರು.

ಅದಕ್ಕೆ ನನ್ನ ಬಳಿ ಉತ್ತರವಿತ್ತು. ನೆಟ್ಟಗೆ ನಿಂತು ಹಲ್ಲುಜ್ಜಲು ಆಗಲಿಲ್ಲ. 16 ಪುಟಗಳ ಕರಡಿನಲ್ಲಿ ನಾಲ್ಕನೆಯ ಪುಟಕ್ಕೇ ಅಲ್ಪಪ್ರಾಣ ಯಾವುದು ಮಹಾಪ್ರಾಣ ಯಾವುದು ತಿಳಿಯದಾಗಿ ಎದ್ದುಬಂದೆ. ಕೆಲಸಕ್ಕೆ ಸೇರಿದಂದಿನಿಂದ ಒಮ್ಮೆಯೂ ಹಾಗೆ ಆಗಿರಲಿಲ್ಲ. ಆಟೋ ರಸ್ತೆಯುಬ್ಬು ದಾಟಿದಾಗಲೆಲ್ಲ ಕೈ ತಾನಾಗಿ ಹೊಟ್ಟೆಯ ಬಲಗಡೆ ಕೆಳಕ್ಕೆ ಹೋಗುತ್ತಿತ್ತು. ಮೂರನೆಯ ಸಾಲು ಓದುತ್ತಿದ್ದಂತೆ ಅವರು ಎದ್ದುನಿಂತು ಅಲ್ಲೇ ಒತ್ತಿ ನೋಡಿದರು. ಬೆಳಗಾಗುವುದರೊಳಗೆ ಶಸ್ತ್ರಚಿಕಿತ್ಸೆ ಮುಗಿದಿತ್ತು. ಅಪೆಂಡಿಕ್ಸ್ ಒಡೆಯುವುದಕ್ಕೆ ಹೆಚ್ಚು ಸಮಯ ಉಳಿದಿರಲಿಲ್ಲವಂತೆ.

ಹಸಿವು, ಬಾಯಾರಿಕೆ, ನೋವು, ಸುಸ್ತು ಮುಂತಾದ ಒಳಗಿನ ಸುದ್ದಿಗಳು ನನ್ನಂಥವರಲ್ಲಿ ಅನೇಕರಿಗೆ ತಡವಾಗಿ ಅಥವಾ ಕಲಸಿಹೋಗಿ ತಲುಪುತ್ತವೆ. ಕೆಲವರಿಗೆ ತದ್ವಿರುದ್ಧವಾಗಿ, ಸಣ್ಣದೂ ಕಿವಿಗಡಚಿಕ್ಕುವಷ್ಟು ಜೋರಾಗಿ. ಭಾವನೆಗಳ ಕಥೆಯೂ ಅದೇ. ಇಡೀ ಮಧ್ಯಾಹ್ನ ಯಾರ ಮೇಲೋ ಸಿಟ್ಟು ಬಂದಿದೆ ಎಂದುಕೊಂಡು ಕುದಿದಿರುತ್ತೇನೆ. ಸಂಜೆ ಎರಡು ಭಕ್ಕರಿ ತಿಂದ ಮೇಲೆ ಅದು ಹಸಿವು ಎಂದು ತಿಳಿಯುತ್ತದೆ. ಹಾಗಾಗಿ ಅಕ್ಕ ದಿನವೂ ಒಂದೂವರೆಗೆ ‘ಊಟ ಆಯಿತೇ?’ ಎಂದು ಸಂದೇಶ ಕಳಿಸುತ್ತಾಳೆ. ಊರಿಗೆಲ್ಲ ಅದು ಉಪಚಾರದ ಮಾತು, ನನಗೆ ಔಷಧ. ಮಾತೇ ನಿಂತುಹೋಗುವ ದಿನಗಳೂ ಇವೆ, ಹೆಚ್ಚಾಗಿ ಮದುವೆ, ಮುಂಜಿಗಳಿಗೆ ಹೋಗಿ ಬಂದ ಮರುದಿನ. ಆಗ ನಾನು ಅವಳಿಗೆ ಒಂದು ಪೂರ್ಣವಿರಾಮ ಚಿಹ್ನೆ ಕಳಿಸುತ್ತೇನೆ. ಒಂದು ಚುಕ್ಕಿ ಎಂದರೆ ಸುರಕ್ಷಿತವಾಗಿದ್ದೇನೆ, ಮಾತನಾಡಿಸಬೇಡ. ಎರಡು ಚುಕ್ಕಿ ಎಂದರೆ ಬಾ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲಿಯೇ ಮಾತನಾಡುತ್ತಾರೆ, ಒಳ್ಳೆಯದೇ. ಆದರೆ ಮಾತು ನಿಂತಾಗ ಕರೆ ಮಾಡಿ ಏನು ಹೇಳಲಿ?

ಶಸ್ತ್ರಚಿಕಿತ್ಸೆಯ ನಂತರ ನಾನೊಂದು ಚೀಟಿ ಮಾಡಿಕೊಂಡೆ. ಆರು ಸಾಲು, ನಾಲ್ಕು ಬಾರಿ ತಿದ್ದಿದ್ದು. ‘ನನಗೆ ಆಟಿಸಂ ಇದೆ. ಮುಖ ನೋಡಿ ನನ್ನ ನೋವನ್ನು ಅಳೆಯಬೇಡಿ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ. ಉತ್ತರ ತಡವಾದರೆ ಕಾಯಿರಿ. ಮುಟ್ಟುವ ಮೊದಲು ಹೇಳಿ. ಬರೆದು ಉತ್ತರಿಸಲು ಅವಕಾಶ ಕೊಡಿ.’ ಮೊದಲ ಬಾರಿ ಅದನ್ನು ತೋರಿಸಿದ ಕೌಂಟರಿನಲ್ಲಿ ಕುಳಿತವರು ಚೀಟಿಯನ್ನು ಓದಿ, ನನ್ನನ್ನು ಬಿಟ್ಟು ಅಕ್ಕನನ್ನು ಕೇಳಿದರು: ‘ಇವರಿಗೆ ಓದು ಬರಹ ಬರುತ್ತದೆಯೇ?’ ಆ ಕೌಂಟರಿನ ಮೇಲಿನ ಫಲಕದಲ್ಲಿ ‘ಚಿಕಿತ್ಸೆ’ ತಪ್ಪಾಗಿತ್ತು. ನಾನು ಸುಮ್ಮನಿದ್ದೆ. ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್, ತಾವೂ ಆಟಿಸಂ ಇರುವವರು, 2012ರಲ್ಲಿಯೇ ಬರೆದಿದ್ದಾರೆ: ಪರಸ್ಪರ ಅರ್ಥವಾಗದಿರುವುದು ಎರಡೂ ಕಡೆಯ ಕೊರತೆ, ನಮ್ಮೊಬ್ಬರದೇ ಅಲ್ಲ. ಅಂದು ಆ ಕೌಂಟರಿನಲ್ಲಿ ನನಗೆ ಅದು ನೆನಪಾಯಿತು.

ಕಾನೂನು ನಮ್ಮ ಕಡೆಗೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಅಂಗವಿಕಲತೆಗಳಲ್ಲಿ ಆಟಿಸಂ ಒಂದು. ‘ಸಂವಹನ’ ಎಂದರೆ ಏನೆಂದು ವಿವರಿಸುವಾಗ ಅದು ಬರವಣಿಗೆಯನ್ನೂ ಸರಳ ಭಾಷೆಯನ್ನೂ ಸೇರಿಸುತ್ತದೆ. ಆದರೆ ಹೊಟ್ಟೆ ಹಿಡಿದುಕೊಂಡು ನಿಂತವನು ಕಾಯ್ದೆಯ ಪ್ರತಿ ಬಿಚ್ಚಿ ವಾದಿಸುವುದುಂಟೇ? ಮನಸ್ಸಿನ ವಿಚಾರಕ್ಕೆ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆ ಇದೆ, ನಮ್ಮ ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ. ಆದರೆ ಹಲ್ಲು ನೋವಿಗೆ, ಕೆಮ್ಮಿಗೆ, ಹೊಟ್ಟೆನೋವಿಗೆ ನಾವು ಹೋಗುವುದು ಎಲ್ಲರೂ ಹೋಗುವ ದವಾಖಾನೆಗೇ.

ನಾನು ಕೇಳುವುದು ಖರ್ಚಿಲ್ಲದ್ದು. ಹೊರರೋಗಿ ಚೀಟಿಯ ಹಿಂಬದಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಅಲ್ಲಿ ‘ಬರೆದು ಹೇಳುವವರು ಇಲ್ಲಿ ಬರೆಯಿರಿ’ ಎಂಬ ಒಂದು ಸಾಲು, ಕೆಳಗೆ ಐದಾರು ಗೆರೆ. ಗಂಟಲು ಕಟ್ಟಿದವರಿಗೂ, ಹತ್ತು ಜನರೆದುರು ಹೇಳಲು ನಾಚುವವರಿಗೂ ಉಪಯೋಗವಾದೀತು. ಮುದ್ರಿಸುವ ಮುನ್ನ ಕರಡನ್ನು ಕಳಿಸಿದರೆ ಉಚಿತವಾಗಿ ತಿದ್ದಿಕೊಡುತ್ತೇನೆ.

ಹೆಸರು ಪ್ರಕಟಿಸಬೇಡಿ, ಕೆಲಸದ ಜಾಗದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿದೆ. ಪತ್ರ ಉದ್ದವಾಯಿತೆಂದು ಕತ್ತರಿಸುವುದಾದರೆ ಕಾಯ್ದೆಯ ಭಾಗವನ್ನು ಕತ್ತರಿಸಿ, ಆ ವೈದ್ಯರ ಪ್ರಶ್ನೆಯನ್ನು ಉಳಿಸಿ. ಸ್ಪಷ್ಟನೆ ಬೇಕಿದ್ದರೆ ದಯವಿಟ್ಟು ಫೋನ್ ಮಾಡಬೇಡಿ, ಒಂದು ಕಾರ್ಡು ಬರೆಯಿರಿ.

ನಿಮ್ಮ ಓದುಗ,
ಮಾಳಮಡ್ಡಿ, ಧಾರವಾಡ