ಕಲ್ಲು ಓದಲು ಕಲಿಸಿದ ನಿಮಗೆಲ್ಲ ಧನ್ಯವಾದ

ಕಳೆದ ವಾರ ಫಲಿತಾಂಶ ಬಂತು. ಕನ್ನಡ ಸಾಹಿತ್ಯ ಪರಿಷತ್ತಿನ ಶಾಸನಶಾಸ್ತ್ರ ಡಿಪ್ಲೊಮಾ ಪಾಸಾಗಿದ್ದೇನೆ. ನನಗೀಗ 63 ವರ್ಷ. ಈ ಸಂತೋಷದಲ್ಲಿ ಎಷ್ಟೋ ಜನರ ಪಾಲಿದೆ. ಅವರಿಗೆಲ್ಲ ಎಲ್ಲರೆದುರೇ ಧನ್ಯವಾದ ಹೇಳಬೇಕು ಅನ್ನಿಸಿತು.

ಬ್ಯಾಂಕಿನಿಂದ ನಿವೃತ್ತಿಯಾದ ವರ್ಷವೇ ನಮ್ಮ ಯಜಮಾನರು ತೀರಿಕೊಂಡರು. ಆಮೇಲೆ ಬಹಳ ದಿನ ನಾನು ಸರಿಯಾಗಿರಲಿಲ್ಲ. ಮನೆಯಲ್ಲಿ ಕೆಲಸಕ್ಕೇನೂ ಕಡಿಮೆ ಇರಲಿಲ್ಲ, ಆದರೆ ಯಾವುದರಲ್ಲೂ ಮನಸ್ಸು ನಿಲ್ಲುತ್ತಿರಲಿಲ್ಲ. ಅಲ್ಲಿಯವರೆಗೆ ನನ್ನ ಗುರಿಗಳೆಲ್ಲ ಬೇರೆಯವರು ಇಟ್ಟುಕೊಟ್ಟವು. ಎಸ್ಸೆಸ್ಸೆಲ್ಸಿ, ಪ್ರಮೋಶನ್ ಪರೀಕ್ಷೆ, ಮನೆ ಸಾಲ, ಮಕ್ಕಳ ಮದುವೆ. ಅವೆಲ್ಲ ಮುಗಿದ ಮೇಲೆ ನನಗೇನು ಬೇಕು ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಕೇಳಿದವಳು ನನ್ನ ಸೊಸೆ. ‘ಏನಾದರೂ ಕಲೀಬೇಕು’ ಅಂತ ನಾನು ಆಗಾಗ ಅನ್ನುತ್ತಿದ್ದೆ. ಒಂದಿನ ಅವಳು, ‘ಏನಾದರೂ ಅಂದ್ರೆ ಏನು ಅತ್ತೆ? ಅದು ಮುಗೀತು ಅಂತ ನಿಮಗೆ ಗೊತ್ತಾಗೋದು ಹೇಗೆ?’ ಅಂದಳು. ಆ ರಾತ್ರಿ ಯೋಚಿಸಿ ಡೈರಿಯಲ್ಲಿ ಒಂದೇ ಸಾಲು ಬರೆದೆ: ಊರಿನ ಈಶ್ವರನ ಗುಡಿ ಪಕ್ಕದ ವೀರಗಲ್ಲನ್ನು ನಾನೇ ಓದಬೇಕು.

ನಮ್ಮೂರು ಅರಸೀಕೆರೆ ತಾಲ್ಲೂಕು. ಆ ಕಡೆ ಕಲ್ಲುಗಳಿಗೆ ಬರವಿಲ್ಲ. ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲೇ ತಂದಿದ್ದರು. ಚಿಕ್ಕಂದಿನಲ್ಲಿ ಆ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು ತಿಂದವಳು ನಾನು. ಅದರಲ್ಲಿ ಕನ್ನಡವೇ ಇದೆ ಅಂತ ಗೊತ್ತಿತ್ತು, ಓದಲು ಬರುತ್ತಿರಲಿಲ್ಲ.

ಪಾಠ ಹೇಳಿದ ಗುರುಗಳಿಗೆ ನನ್ನ ಮೊದಲ ನಮಸ್ಕಾರ. ಅವರಲ್ಲಿ ಕೆಲವರು ನನಗಿಂತ ಚಿಕ್ಕವರು, ಆದರೂ ಗುರುಗಳೇ. ಹಳೆಯ ಲಿಪಿಯಲ್ಲಿ ಪದಗಳ ನಡುವೆ ಜಾಗ ಬಿಡೋದಿಲ್ಲ. ಎ, ಏ ಎರಡಕ್ಕೂ ಒಂದೇ ಗುರುತು, ಒ, ಓಗೂ ಹಾಗೇ. ಮಕಾರ ವಕಾರ ಅಕ್ಕತಂಗಿಯರ ಹಾಗೆ ಕಾಣುತ್ತವೆ. ಮೇಲೆ ಈಗ ಬಳಕೆಯಲ್ಲಿಲ್ಲದ ೞ, ಱ ಅಕ್ಷರ ಬೇರೆ! ಇವನ್ನೆಲ್ಲ ಅವರು ಬೇಸರವಿಲ್ಲದೆ ಮತ್ತೆ ಮತ್ತೆ ಬೋರ್ಡ್ ಮೇಲೆ ಬರೆದರು. ಶಕ ವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ತೆಗೆಯೋದು, ಸಂವತ್ಸರದ ಹೆಸರಿನ ಜೊತೆ ತಾಳೆ ನೋಡೋದು, ಒದ್ದೆ ಕಾಗದವನ್ನು ಕಲ್ಲಿಗೆ ಹಾಸಿ ಬ್ರಷ್‌ನಿಂದ ತಟ್ಟಿ, ಮಸಿ ಒತ್ತಿ ಪಡಿಯಚ್ಚು ತೆಗೆಯೋದು, ಎಲ್ಲ ಕೈಹಿಡಿದು ಕಲಿಸಿದರು. ಬ್ಯಾಂಕಿನಲ್ಲಿ ಸಹಿಗಳನ್ನು ತಾಳೆ ನೋಡಿದ ಕಣ್ಣು ನನ್ನದು, ಅದೂ ಇಲ್ಲಿ ಉಪಯೋಗಕ್ಕೆ ಬಂತು.

ತರಗತಿಯ ಹುಡುಗ ಹುಡುಗಿಯರಿಗೆ ಏನು ಹೇಳಲಿ. ನನ್ನನ್ನು ‘ಆಂಟಿ’ ಅಂತ ಶುರುಮಾಡಿ ಕೊನೆಗೆ ‘ಅಮ್ಮ’ ಅಂದಿರಿ. ನಾನು ಬರದ ದಿನ ನೋಟ್ಸ್ ಫೋಟೊ ತೆಗೆದು ಕಳಿಸಿದಿರಿ. ಮಂಡಿ ನೋವಿದ್ದಾಗ ಮೆಟ್ಟಿಲ ಹತ್ತಿರ ಸುಮ್ನೆ ಬಂದು ನಿಂತಿರುತ್ತಿದ್ದಿರಿ. ನೀವು ಯಾವತ್ತೂ ‘ಈ ವಯಸ್ಸಿನಲ್ಲಿ ಯಾಕೆ’ ಅನ್ನಲಿಲ್ಲ. ಹಾಗಂದ ಜನ ಬೇರೆ ಕಡೆ ಇದ್ದರು. ನಿಮ್ಮಿಂದಾಗಿ ಅವರ ಮಾತು ನನಗೆ ತಾಗಲಿಲ್ಲ.

ಪರೀಕ್ಷೆ ಮುಗಿಸಿ ಊರಿಗೆ ಹೋದೆ. ಗುಡಿಯ ಅರ್ಚಕರು, ಪಕ್ಕದ ಹೊಲದವರು ಸೇರಿ ಕಲ್ಲಿನ ಸುತ್ತ ಬೆಳೆದಿದ್ದ ಲಂಟಾನ ಕಡಿದುಕೊಟ್ಟರು. ಮಧ್ಯಾಹ್ನದ ಬಿಸಿಲಿಗೆ ಅಕ್ಷರ ಕಾಣಲೇ ಇಲ್ಲ. ಸಂಜೆ ಬಿಸಿಲು ಓರೆಯಾದ ಮೇಲೆ ಒಂದೊಂದೇ ಎದ್ದು ಬಂದವು. ಕೆಳಗಿನ ಹಂತದಲ್ಲಿ ಹೋರಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಪಟ್ಟಿಯ ಮೇಲೆ ಬರಹ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಒಬ್ಬ ಗೌಡನ ಮಗ ಅಡ್ಡ ನಿಂತು ಕಾದಾಡಿ, ದನ ಬಿಡಿಸಿ ತಂದು ಸತ್ತ. ವರ್ಷದ ಅಂಕಿ ಸವೆದುಹೋಗಿದೆ. ಅವನ ಹೆಸರು ಉಳಿದಿದೆ. ಅದನ್ನು ನಾನು ಗಟ್ಟಿಯಾಗಿ ಓದಿದಾಗ ಅಲ್ಲಿದ್ದ ಹಿರಿಯರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ನನಗೆ ಅಳು ತಡೆಯಲಾಗಲಿಲ್ಲ.

ನಾಲ್ಕು ಜನ ಮೆಚ್ಚಲಿ ಅಂತ ಇಟ್ಟುಕೊಂಡ ಗುರಿಯಾಗಿದ್ದರೆ ನಾನು ಅರ್ಧಕ್ಕೇ ಬಿಡುತ್ತಿದ್ದೆ. ಇದು ನನಗೆ ಬೇಕಾಗಿತ್ತು, ಅಷ್ಟೇ. ದೊಡ್ಡದೂ ಆಗಿರಲಿಲ್ಲ. ಒಂದು ಕಲ್ಲು. ಆದರೆ ಆ ಒಂದು ಕಲ್ಲಿಗಾಗಿ ದಿನದ ಹೊತ್ತುಗಳೆಲ್ಲ ತಾವಾಗಿಯೇ ಸರಿಹೊಂದಿದವು. ಬೆಳಿಗ್ಗೆ ಲಿಪಿ ಬರೆಯೋದು, ಸಂಜೆ ನಡಿಗೆ, ರಾತ್ರಿ ಬೇಗ ನಿದ್ದೆ. ನಾನು ಓದುವ ಹೊತ್ತಿಗೆ ಟೀವಿ ಸದ್ದು ತಗ್ಗಿಸಿದ ಮಗನಿಗೆ, ಅಕ್ಷರ ಒಪ್ಪಿಸಿಕೊಂಡ ಮೊಮ್ಮಗಳಿಗೆ ನನ್ನ ಪ್ರೀತಿ.

ಇನ್ನು ಮುಂದಿನದನ್ನೂ ನಿಮ್ಮೆದುರೇ ಹೇಳುತ್ತೇನೆ. ಹಲ್ಮಿಡಿ ಶಾಸನ ನಮ್ಮ ಜಿಲ್ಲೆಯದೇ, ಬೇಲೂರು ತಾಲ್ಲೂಕಿನದು. ಸುಮಾರು ಕ್ರಿ.ಶ. 450ರ ಹದಿನಾರು ಸಾಲು. ನಾನು ಈಗ ಓದಬಲ್ಲ ಹೊಯ್ಸಳರ ಕಾಲದ ಲಿಪಿಗಿಂತ ತೀರಾ ಬೇರೆ, ಜಾಸ್ತಿ ಕಷ್ಟ. 65 ತುಂಬುವ ಮೊದಲು ಅದನ್ನು ಪುಸ್ತಕದ ಸಹಾಯವಿಲ್ಲದೆ ಓದಬೇಕು. ಜೊತೆಗೆ ಕೂತು ಕಲಿಯುವವರಿದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬನ್ನಿ, ತಿಂಡಿ ನನ್ನದು.