ಮಗಳಿಗೊಂದು ಪತ್ರ: ನಾಲ್ಕು ಗಾಬ್ಲಿನ್ ಬೇಡ, ಎರಡು ಸಾಕು

ಪ್ರೀತಿಯ ಪುಟ್ಟಿ,

ಹೊಸ ಗುಂಪು ಕಟ್ಟಿ, ನೀನೇ ಡಿಎಂ, ಅಂದರೆ ಕಥೆ ನಡೆಸುವವಳು ಆಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡಿಸುವುದಾದರೆ ಮೊದಲು ಇದೊಂದನ್ನು ಇತ್ಯರ್ಥ ಮಾಡಿಕೋ: 2014ರ ನಿಯಮವೋ, 2024ರದ್ದೋ? ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ತೊಂದರೆ ಇರುವುದೇ ಅಲ್ಲಿ. ಒಬ್ಬೊಬ್ಬರು ಒಂದೊಂದರಿಂದ ಕ್ಯಾರೆಕ್ಟರ್ ಮಾಡಿಕೊಂಡು ಬಂದರೆ ಅರ್ಧ ಸಂಜೆ ವಾದದಲ್ಲೇ ಹೋಗುತ್ತೆ. ನನ್ನ ಕೇಳಿದರೆ 2014ರದ್ದೇ ಹಿಡಿ. ಅದರ ತಿರುಳಾದ ನಿಯಮಗಳ ಕಡತ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಪುಕ್ಕಟೆ ಸಿಗುತ್ತೆ. ಅದರಲ್ಲಿ ಒಂದು ಕ್ಲಾಸಿಗೆ (ಮಂತ್ರವಾದಿ, ಯೋಧ ಅನ್ನೋ ಥರದ ಕಸುಬು) ಒಂದೇ ಸಬ್‌ಕ್ಲಾಸ್ (ಅದರ ಒಳಕವಲು). ಹೊಸಬರಿಗೆ ಅಷ್ಟೇ ಸಾಕು. ದಾಳದ ಸೆಟ್ಟಿನಲ್ಲಿ 7 ಇರುತ್ತವೆ. ಎರಡು ಸೆಟ್ ಹಂಚಿಕೊಂಡು ಆಡಬಹುದು, ಇಪ್ಪತ್ತು ಮುಖದ ಡಿ20 ಮಾತ್ರ ತಲೆಗೊಂದು ಬೇಕು.

ಮೊದಲ ದಿನ ಆಟ ಬೇಡ, ಮಾತು ಮಾತ್ರ. ಅದಕ್ಕೇ ಸೆಷನ್ ಝೀರೋ ಅನ್ನೋದು. ನಾಲ್ಕು ಜನ ಆಟಗಾರರಿದ್ದರೆ ಮೂವರು ಬಂದರೂ ಆಟ ನಡೆಯುತ್ತೆ ಅಂತ ಆವತ್ತೇ ಹೇಳಿಬಿಡು. ಗುಂಪುಗಳು ಮುರಿಯೋದು ನಿಯಮ ಗೊತ್ತಿಲ್ಲದೆ ಅಲ್ಲ, 'ಎಲ್ಲರಿಗೂ ಅನುಕೂಲವಾದ ದಿನ' ಹುಡುಕುತ್ತಾ ಕೂತು. ಕಥೆಯಲ್ಲಿ ಯಾರಿಗೆ ಏನು ಬೇಡ ಅನ್ನೋದನ್ನೂ ಕೇಳು; ಜೇಡ, ಮಕ್ಕಳಿಗೆ ಹಿಂಸೆ, ಏನೇ ಇರಲಿ, ಕಾರಣ ಕೆದಕಬೇಡ. ಕ್ಯಾರೆಕ್ಟರ್‌ಗಳನ್ನು ಅಲ್ಲೇ ಒಟ್ಟಿಗೆ ಮಾಡಿಸು. ಶಕ್ತಿ, ಚುರುಕು ಮುಂತಾದ ಆರು ಗುಣಗಳ ಅಂಕಗಳಿಗೆ 15, 14, 13, 12, 10, 8 ಕೊಟ್ಟುಬಿಡು. ದಾಳ ಹಾಕಿಸಿದರೆ ಒಬ್ಬಳಿಗೆ 18 ಬಿದ್ದು ಇನ್ನೊಬ್ಬಳಿಗೆ 12 ದಾಟದೆ, ತಿಂಗಳುಗಟ್ಟಲೆ ಅದೇ ಮುನಿಸು. ಒಬ್ಬನಾದರೂ 'ನಾನು ಯಾರನ್ನೂ ನಂಬದ ಒಂಟಿಸಲಗ' ಅಂತ ಬಂದೇ ಬರುತ್ತಾನೆ. ಪಕ್ಕದಲ್ಲಿ ಕೂತವರ ಕ್ಯಾರೆಕ್ಟರ್ ನಿನಗೆ ಹೇಗೆ ಪರಿಚಯ ಅಂತ ಕೇಳು, ಉತ್ತರ ಬರೋವರೆಗೂ ಬಿಡಬೇಡ.

ಇನ್ನು ಮೊದಲ ಜಗಳ. ಒಂದನೇ ಲೆವೆಲ್ಲಿನ ವಿಝರ್ಡ್‌ಗೆ (ಮಂತ್ರವಾದಿ) ಕಾನ್‌ಸ್ಟಿಟ್ಯೂಷನ್, ಅಂದರೆ ದೇಹದ ಗಟ್ಟಿತನ, 14 ಇದ್ದರೂ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಡೆಯಬಲ್ಲಳು ಅನ್ನೋ ಲೆಕ್ಕ) ಬರೀ 8. ಗಾಬ್ಲಿನ್ ಅನ್ನೋ ಪುಟ್ಟ ರಾಕ್ಷಸನ ಒಂದು ಏಟಿಗೆ ಆರು ಮುಖದ ಡಿ6 ಕೂಡಿಸು 2, ಅಂದರೆ 3ರಿಂದ 8. ಕೆಟ್ಟ ದಾಳ ಬಿದ್ದರೆ ಒಂದೇ ಏಟಿಗೆ ಮಲಗುತ್ತಾಳೆ. ಈಗ ಲೆಕ್ಕ ನೋಡು: ಗಾಬ್ಲಿನ್‌ಗೆ 50 ಎಕ್ಸ್‌ಪಿ (ಸೋಲಿಸಿದರೆ ಸಿಗುವ ಅನುಭವದ ಅಂಕ; ಜಗಳ ಎಷ್ಟು ಕಷ್ಟ ಅಂತ ಅಳೆಯೋದೂ ಇದರಲ್ಲೇ). ನಾಲ್ಕು ನಿಲ್ಲಿಸಿದರೆ 200. ಸಂಖ್ಯೆ ಮೂರರಿಂದ ಆರರವರೆಗೆ ಇದ್ದರೆ ಎರಡರಿಂದ ಗುಣಿಸಬೇಕು, 400 ಆಯಿತು. ನಾಲ್ವರು ಹೊಸಬರಿಗೆ 'ಡೆಡ್ಲಿ' ಅನ್ನೋ ಗೆರೆ ಇರೋದೂ ಸರಿಯಾಗಿ 400ಕ್ಕೇ. ಮೂರಾದರೆ 300, 'ಹಾರ್ಡ್'. ಎರಡಾದರೆ ಗುಣಕ ಒಂದೂವರೆ, 150ಕ್ಕೆ ಮುಗಿಯಿತು, ಅದು 'ಈಸಿ'. ಮೊದಲ ಸಂಜೆಗೆ ಅದು ಸಾಕು. ಪೊದೆಯಿಂದ ದಿಢೀರನೆ ಹಾರಿ ಬೀಳಿಸುವ ಆಸೆ ಆಗುತ್ತೆ, ತಡೆದುಕೋ: ಸರ್‌ಪ್ರೈಸ್ ಆದವರಿಗೆ ಮೊದಲ ಸುತ್ತು ಕೈ ಎತ್ತೋಕೂ ಆಗಲ್ಲ, ಗಾಬ್ಲಿನ್‌ಗಳಿಗೆ ಒಂದು ಸುತ್ತು ದಾನ ಕೊಟ್ಟಂತೆ. ಒಂದು ಸತ್ತ ಕೂಡಲೇ ಇನ್ನೊಂದು ಓಡಿಹೋಗಲಿ. ಜಗಳವೂ ಬೇಗ ಮುಗಿಯುತ್ತೆ, ಬೆನ್ನಟ್ಟೋಕೆ ನೆಪವೂ ಸಿಗುತ್ತೆ.

ಕಥೆ ನಿಂತುಹೋಗೋದು ಇನ್ನೊಂದು ಕಡೆ. ಗವಿಗೆ ಹೋಗುವ ದಾರಿ ಗುಪ್ತ ಪೆಟ್ಟಿಗೆಯ ಕಾಗದದಲ್ಲಿ ಮಾತ್ರ ಇದೆ, ಅದನ್ನು ಹುಡುಕಲು 15 ಬೀಳಬೇಕು ಅಂದುಕೋ. ಡಿ20ಗೆ ಕೂಡಿಸಲು 5 ಇದ್ದವಳೂ ನೂರಕ್ಕೆ 45 ಸಲ ಸೋಲುತ್ತಾಳೆ. ಆಮೇಲೆ ಎಲ್ಲರೂ ನಿನ್ನ ಮುಖ ನೋಡುತ್ತಾ ಕೂರುತ್ತಾರೆ. ಅದೇ ಸುಳಿವನ್ನು ಛತ್ರದವಳ ಮಾತಲ್ಲೂ ಇಡು, ಕೆಸರಲ್ಲಿ ಗಾಡಿಚಕ್ರದ ಗುರುತಾಗಿಯೂ ಇಡು. ದಾಳ ಸೋತರೆ ತಡವಾಗಲಿ, ಸದ್ದಾಗಿ ಕಾವಲಿನವ ಎಚ್ಚರಗೊಳ್ಳಲಿ, ದಾರಿ ಮಾತ್ರ ಮುಚ್ಚಬಾರದು.

ನಿಯಮ ನೆನಪಾಗದಿದ್ದರೆ ಪುಸ್ತಕ ತಿರುವಬೇಡ. ಏನೋ ಒಂದು ತೀರ್ಪು ಕೊಟ್ಟು ಮುಂದೆ ನಡೆ, ಚೀಟಿಯಲ್ಲಿ ಬರೆದಿಟ್ಟುಕೊಂಡು ಆಮೇಲೆ ನೋಡು. ಹಿಟ್ ಪಾಯಿಂಟ್ ಪೆನ್ಸಿಲ್ಲಿನಲ್ಲೇ ಬರೆಸು.

ಏಳುವ ಮುಂಚೆ, ಮುಂದಿನ ಸಲ ಎಲ್ಲಿಗೆ ಹೋಗ್ತೀರಿ ಅಂತ ಕೇಳು. ಗವಿಗೆ ಅಂದರೆ ಗವಿಯ ನಾಲ್ಕೈದು ಕೋಣೆ ಬರೆದುಕೊಂಡರೆ ಆಯಿತು. ಆ ರಾಜ್ಯದ ಸಾವಿರ ವರ್ಷದ ಚರಿತ್ರೆ ಬರೆಯೋಕೆ ಕೂರಬೇಡ, ಯಾರೂ ಕೇಳಲ್ಲ.

ನಿನ್ನ
ಅಮ್ಮ